ಹಕ್ಕಿ ಕೂರದ ಬೊಡ್ಡೆ

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವ ಪ್ರಶ್ನೆ ಒಂದೇ: "ಸಾರ್, ನೀವು ಎಷ್ಟು ಹುಲಿ ನೋಡಿದೀರಿ?" ನಾನು ನಗುತ್ತೇನೆ. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಕಬಿನಿ ಹಿನ್ನೀರಿನ ದಡದ ಒಂದು ವಸತಿಗೃಹದಲ್ಲಿ ಗೈಡ್ ಆಗಿ ಸೇರಿ ಅಲ್ಲಿಂದಲೇ ನಿವೃತ್ತನಾದವನು ನಾನು. ಹುಲಿ ನೋಡುವುದು ಅತಿಥಿಗಳ ಕೆಲಸ, ಗೈಡ್ ನೋಡಬೇಕಾದದ್ದು ಅತಿಥಿಗಳನ್ನು. ಯಾರ ಚಪ್ಪಲಿ ಜಾರುತ್ತದೆ, ಯಾರಿಗೆ ಜೀಪಿನಲ್ಲಿ ವಾಂತಿ ಬರುತ್ತದೆ, ಆನೆ ಕಂಡೊಡನೆ ಎದ್ದು ನಿಲ್ಲುವವರು ಯಾರು, ಇದನ್ನೆಲ್ಲ ಹೊರಡುವ ಮುಂಚೆಯೇ ಮುಖ ನೋಡಿ ಹೇಳುವಷ್ಟಾದರೆ ಅರ್ಧ ಕೆಲಸ ಕಲಿತಂತೆ.

ಉಳಿದರ್ಧ ಕಲಿಯಲು ನನಗೆ ಇಡೀ ನೌಕರಿ ಸಾಲಲಿಲ್ಲ. ಅದನ್ನು ಬರೆಯಲು ಕೂತಾಗಲೆಲ್ಲ ಒಂದು ಬೆಳಗಿನ ನೆನಪು ಬಂದು ಮುಂದೆ ನಿಲ್ಲುತ್ತದೆ. ಹಿನ್ನೀರಿನ ನಡುವೆ ಒಂದು ದೋಣಿ, ಅದರ ತಳ ಹೊಕ್ಕ ಒಂದು ಮರದ ಬೊಡ್ಡೆ, ಬೊಡ್ಡೆಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ ಒಬ್ಬ ದಪ್ಪ ಹೆಡ್‌ಮಾಸ್ಟರು. ಅವರು ಎದ್ದರೆ ದೋಣಿ ಮುಳುಗುತ್ತದೆ, ಏಳದಿದ್ದರೆ ಅವರು ದಡ ಸೇರುವುದಿಲ್ಲ. ಅದನ್ನು ನಾನು ಮತ್ತೆ ಮತ್ತೆ ನೋಡುತ್ತಲೇ ಇದ್ದೇನೆ. ಆದ್ದರಿಂದ ಅಲ್ಲಿಗೆ ಬಂದೇ ಬರುತ್ತೇನೆ. ಅದಕ್ಕೆ ಮೊದಲು ಈ ಕೆಲಸದ ರುಚಿ ಸ್ವಲ್ಪ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವು ಹೆದರಿ ಬ್ಯಾಂಕಿನ ಪರೀಕ್ಷೆಗೆ ಅರ್ಜಿ ಹಾಕಿಬಿಡುತ್ತೀರಿ.

ನಮ್ಮದು ಹಂಪಾಪುರ. ಮನೆಯಲ್ಲಿ ರಾಗಿ, ಹತ್ತಿ, ದನ. ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿಕೊಂಡು ಬಂದು, ಕಾಡಿನಲ್ಲಿ ಜನರನ್ನು ಸುತ್ತಾಡಿಸುವ ಕೆಲಸ ಸಿಕ್ಕಿದೆ ಎಂದಾಗ ನಮ್ಮಪ್ಪ ನೊಗಕ್ಕೆ ಮಿಣಿ ಕಟ್ಟುತ್ತಿದ್ದವರು ತಲೆ ಎತ್ತಲೂ ಇಲ್ಲ. "ಅಷ್ಟ್ ವರ್ಷ ಓದ್ಬುಟ್ಟು ಕಾಡಿಗೋಯ್ತೀನಿ ಅಂತೀಯಲ್ಲ, ನಮ್ಮ ದನ ಓದ್ದೇನೆ ದಿನಾ ಓಯ್ತಾವೆ ಕಣ್ಲಾ," ಅಂದರು.

ದನಗಳೇ ವಾಸಿಯಾಗಿದ್ದವು ಎಂದು ಮೊದಲ ವಾರದಲ್ಲೇ ಸಾಬೀತಾಯಿತು. ಮುಂಬಯಿಯ ಒಂದು ಸಂಸಾರವನ್ನು ಜೀಪಿನಲ್ಲಿ ಕರೆದೊಯ್ದಿದ್ದೆ. ಬಿದಿರುಮೆಳೆಯ ಹಿಂದೆ ಕೆಂಪಗೆ, ಪಟ್ಟೆಪಟ್ಟೆಯಾಗಿ ಏನೋ ಕೂತಿತ್ತು. ನಾನು ಉಸಿರು ಬಿಗಿಹಿಡಿದು, ಕೈ ಮಾಡಿ, ಜೀಪು ನಿಲ್ಲಿಸಿದೆ. ಆ ಸಂಸಾರ ಭಕ್ತಿಯಿಂದ ಕೈಮುಗಿದುಕೊಂಡು ಕೂತಿತು. ಮಗಳಂತೂ ಖುಷಿಗೆ ಅತ್ತೇಬಿಟ್ಟಳು. ಬಹಳ ಹೊತ್ತಾದ ಮೇಲೆ ಬಿಸಿಲು ಆ ಕಡೆ ತಿರುಗಿತು. ಅದು ಹುತ್ತ. ಬಿದಿರಿನ ನೆರಳು ಬಿದ್ದು ಪಟ್ಟೆ ಬಂದಿತ್ತು. ಡ್ರೈವರು ಮಾದೇಶ ನನ್ನ ಕಿವಿಯಲ್ಲಿ, "ಸಾಮೇರೆ, ಈಗ ಏನ್ ಮಾಡಾನ? ಹುಲಿ ನಿದ್ದೆ ಮಾಡ್ತಾ ಅದೆ ಅಂತ ಏಳಿ ಒಂಟೋಗ್ಬುಡಾನ್ವಾ?" ಅಂದ. ನನ್ನ ಹೆಸರು ಮಹದೇವಸ್ವಾಮಿ. ಕಾಡಿನಲ್ಲಿ ಎಲ್ಲರ ಬಾಯಲ್ಲೂ ನಾನು 'ಸಾಮೇರು' ಆಗಿದ್ದೆ. ಆವತ್ತು ಒಂದು ದಿನ ಮಾತ್ರ 'ಹುತ್ತದ ಸಾಮೇರು'.

ಮೇಲಧಿಕಾರಿಗಳ ವಿಷಯ ಕೇಳುತ್ತೀರಿ. ಒಬ್ಬ ಮ್ಯಾನೇಜರು ನಗರದ ದೊಡ್ಡ ಹೋಟೆಲಿನಿಂದ ನೇರ ನಮ್ಮಲ್ಲಿಗೆ ಬಂದಿದ್ದರು. ಬಂದ ಹೊಸದರಲ್ಲಿ ಸಭೆ ಕರೆದು, "ಆನೆಗಳು ಸಂಜೆ ಕಾಫಿಯ ಹೊತ್ತಿಗೆ ದಡಕ್ಕೆ ಬರುತ್ತವೆ, ಸಂತೋಷ. ಬೆಳಗಿನ ಉಪಾಹಾರದ ಹೊತ್ತಿಗೂ ಬರುವಂತೆ ವ್ಯವಸ್ಥೆ ಮಾಡಬೇಕು," ಅಂದರು. ಎಲ್ಲರೂ ನೆಲ ನೋಡಿದೆವು. ಮಾದೇಶ ಬಹಳ ವಿನಯದಿಂದ ಎದ್ದು ನಿಂತು, "ಸಾರ್, ಆನೆಗೆ ಮೆಮೊ ಕೊಟ್ಬುಡಿ ಸಾರ್. ನಾನೇ ತಕೊಂಡೋಗಿ ಕೊಟ್ಬತ್ತೀನಿ," ಅಂದ. ಹೇಳಿಬಿಡುತ್ತೇನೆ, ಆ ಮ್ಯಾನೇಜರು ಕೆಟ್ಟವರಲ್ಲ. ಕಾಡು ಅರ್ಥವಾಗುತ್ತ ಬಂದಂತೆ ಮಾತು ಕಡಿಮೆ ಮಾಡಿದರು. ಎಲ್ಲರಿಗೂ ಹಾಗೇ ಆಗುತ್ತದೆ.

ಸಫಾರಿ ಇಲ್ಲದ ಹಗಲು ಅತಿಥಿಗಳನ್ನು ಊರೂರು ಸುತ್ತಿಸುವುದೂ ನಮ್ಮ ಪಾಲಿಗೇ. ಒಮ್ಮೆ ಹುಣಸೂರು ತಾಲ್ಲೂಕಿನ ಗುರುಪುರದ ಟಿಬೆಟನ್ ಬಡಾವಣೆಗೆ ಒಂದು ತಂಡ ಕರೆದೊಯ್ದೆ. ಗುಡಿಯ ಅಂಗಳದಲ್ಲಿ ವಯಸ್ಸಾದ ಭಿಕ್ಷು ಒಬ್ಬರು ಮಣಿ ಎಣಿಸುತ್ತ ಕೂತಿದ್ದರು. ಒಬ್ಬ ಫೋಟೊಗ್ರಾಫರ್ ಮಹಾಶಯ, "ಹಿಮಾಲಯದ ಮೌನ ನೋಡಿ ಅವರ ಮುಖದಲ್ಲಿ," ಎನ್ನುತ್ತ ಹತ್ತಿರ ಹೋದ. ಭಿಕ್ಷು ತಲೆ ಎತ್ತಿ ನನ್ನನ್ನು ನೋಡಿ, "ಯಾವ ಕಡೆಯಿಂದ ಬಂದ್ರಿ? ಕೋಟೆ ಕಡೆ ಮಳೆ ಆಯ್ತಾ? ನಮ್ ಜೋಳ ಒಣಗೋಯ್ತಾ ಅದೆ ಕಣ್ರೀ," ಅಂದರು. ಹಿಮಾಲಯದ ಮೌನ ಅಲ್ಲಿಗೆ ಮುಗಿಯಿತು. ಆಮೇಲೆ ಅವರೂ ನಾನೂ ಮಳೆ, ಜೋಳ, ಹಂದಿ ಕಾಟ ಅಂತ ಮಾತಾಡಿದ್ದೇ ಮಾತಾಡಿದ್ದು.

ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಬೆಟ್ಟ ಹತ್ತಿಸುವ ಕೆಲಸವೂ ಇತ್ತು. ಮೆಟ್ಟಿಲು ಕಡಿದಾಗಿವೆ, ಆದರೆ ಮೇಲೆ ನಿಂತರೆ ಕೆಳಗೆ ತಂಬಾಕಿನ ಹೊಲ, ತಂಬಾಕು ಬೇಯಿಸುವ ಬ್ಯಾರನ್ ಮನೆಗಳ ಹೊಗೆ, ದೂರಕ್ಕೆ ನೀಲಿಯಾಗಿ ಕೊಡಗಿನ ಸಾಲು. ಬೆಂಗಳೂರಿನ ಯುವಕನೊಬ್ಬ ಎರಡೂ ಕೈಯಲ್ಲಿ ಚಾರಣದ ಕೋಲು ಹಿಡಿದು ಹತ್ತುತ್ತಿದ್ದ. ಸೋಮವಾರದ ಪೂಜೆಗೆ ಹೊರಟ ಅಜ್ಜಿಯೊಬ್ಬರು ನಿಂತು ಅವನನ್ನು ಕನಿಕರದಿಂದ ನೋಡಿ, "ಪಾಪ, ಈ ವಯಸ್ಸಿಗೇ ಎರಡ್ ದೊಣ್ಣೆ ಬಂದ್ಬುಡ್ತಾ ಮಗ? ಸ್ವಾಮಿಗೆ ಅರಕೆ ಕಟ್ಕೊ, ವಾಸಿಯಾಯ್ತದೆ," ಅಂದರು. ಅವನು ನಿಜಕ್ಕೂ ಹರಕೆ ಕಟ್ಟಿಕೊಂಡ.

ಕೆಲಸದ ರೀತಿ ಬಹಳ ಬದಲಾಯಿತು. ನಾನು ಸೇರಿದಾಗ ಕಿವಿಯೇ ನಮ್ಮ ಉಪಕರಣ. ಮುಸುವ ಕೂಗಿತೆ, ಜಿಂಕೆ ಕೂಗಿತೆ, ಯಾವ ದಿಕ್ಕಿಗೆ, ಎಷ್ಟು ಸಲ. ಎಂಜಿನ್ ಆರಿಸಿ ಕಾಯುವುದೇ ವಿದ್ಯೆ. ಈಗ ಫೋನು. ಒಂದು ಕಡೆ ಹುಲಿ ಬಾಲ ಅಲ್ಲಾಡಿಸಿದರೆ ಸಿಗ್ನಲ್ ಸಿಕ್ಕ ಜೀಪುಗಳೆಲ್ಲ ಅಲ್ಲಿಗೇ ಬರುತ್ತವೆ. ಹುಲಿಗೆ ಮದುವೆಮನೆಯಲ್ಲಿ ವರನಿಗೆ ಆದಷ್ಟೇ ಮುಜುಗರ. ಇದನ್ನು ನಾನು ದೂರುತ್ತಿಲ್ಲ. ಹಳೆಯ ವಿದ್ಯೆಯನ್ನು ಕಣ್ಣುಮುಚ್ಚಿ ನಂಬಿದರೆ ಏನಾಗುತ್ತದೆ ಎಂದು ಈಗ ಹೇಳಲಿರುವುದರಿಂದ, ದೂರುವ ಹಕ್ಕೂ ನನಗಿಲ್ಲ.

ನಮ್ಮ ದೋಣಿ ನಡೆಸುತ್ತಿದ್ದವರು ನಜೀರ್ ಸಾಬರು. ಹುಣಸೂರಿನವರು. ಮನೆತನದ ಕಸುಬು ಮರಗೆಲಸ. ಇವರು ಮಾತ್ರ ಎಂಜಿನ್ ರಿಪೇರಿ ಕಲಿತು, ನಮ್ಮ ದೋಣಿಯ ಎಂಜಿನ್ ಸರಿಮಾಡಲು ಬಂದು, ನೀರು ನೋಡಿ ಅಲ್ಲೇ ಉಳಿದುಬಿಟ್ಟವರು. ನನಗಿಂತ ಸ್ವಲ್ಪ ಚಿಕ್ಕವರು. ಬಾಯಿ ತೆರೆದರೆ ತಮಾಷೆ.

ಕಬಿನಿ ಹಿನ್ನೀರನ್ನು ನೋಡಿಲ್ಲದವರಿಗೆ ಒಂದು ಮಾತು. ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡಿನ ಮರಗಳು ಈಗಲೂ ನೀರಿನಲ್ಲಿ ಒಣಗಿ ನಿಂತಿವೆ. ಕೆಲವು ಎತ್ತರ, ಕೆಲವು ಮುರಿದ ಬೊಡ್ಡೆ. ಬೇಸಿಗೆಯಲ್ಲಿ ನೀರು ಇಳಿದಂತೆ ಬೊಡ್ಡೆಗಳು ತಲೆ ಎತ್ತುತ್ತವೆ, ಮಳೆಗಾಲದಲ್ಲಿ ಮುಳುಗುತ್ತವೆ. ಅವುಗಳ ನಡುವೆ ದೋಣಿ ಓಡಿಸಲು ನಮ್ಮಲ್ಲಿ ಎಲ್ಲರೂ ಪಾಲಿಸುತ್ತಿದ್ದ ಒಂದು ರೂಢಿ ಇತ್ತು. ನೀರುಕಾಗೆಗಳು ಮೀನು ಹಿಡಿದು ರೆಕ್ಕೆ ಒಣಗಿಸಲು ಈ ಬೊಡ್ಡೆಗಳ ಮೇಲೆ ಕೂರುತ್ತವೆ. ಮಂಜಿರಲಿ, ಎದುರು ಬಿಸಿಲಿರಲಿ, ಬೊಡ್ಡೆ ಕಾಣದಿದ್ದರೂ ಕಪ್ಪು ಹಕ್ಕಿ ಕಾಣುತ್ತದೆ. ಹಕ್ಕಿ ಕೂತ ಕಡೆ ಹೋಗಬೇಡ, ಹಕ್ಕಿ ಇಲ್ಲದ ಕಡೆ ನೀರು ಬಯಲು. ನಜೀರ್ ಸಾಬರು ಅವುಗಳನ್ನು "ನಮ್ ಟ್ರಾಫಿಕ್ ಪೊಲೀಸು" ಅನ್ನುತ್ತಿದ್ದರು. ಎರಡನೆಯ ರೂಢಿ: ಆನೆ ಈಜುತ್ತಿದ್ದರೆ ಅದರ ದಾರಿಗೆ ಅಡ್ಡ ಹೋಗಬೇಡ, ದೂರ ಸರಿದು ದಾರಿ ಬಿಡು. ವರ್ಷಗಟ್ಟಲೆ ಈ ಎರಡು ರೂಢಿಗಳನ್ನೇ ನಂಬಿ ನಮ್ಮ ದೋಣಿಗಳು ಹೋಗಿ ಬಂದವು. ಎರಡೂ ಒಂದೇ ಸಲ ಎದುರಾದದ್ದು ಆವತ್ತು.

ಅದು ಮಳೆಗಾಲ ಶುರುವಾಗುವ ಹೊತ್ತು. ನಮ್ಮಲ್ಲಿ ಇನ್ನೂ ಬಿಸಿಲು. ಆಚೆ ವಯನಾಡಿನ ಬೆಟ್ಟಗಳಲ್ಲಿ ಮಳೆ ಹಿಡಿದಿತ್ತು. ಅಲ್ಲಿ ಬಿದ್ದ ಮಳೆಯೇ ನಮ್ಮ ಹಿನ್ನೀರು. ನೀರು ಏರುತ್ತಿದೆ ಎಂದು ಗೊತ್ತಿತ್ತು. ರಾತ್ರಿ ಬೆಳಗಾಗುವುದರೊಳಗೆ ಅಷ್ಟು ಏರೀತೆಂದು ಯಾರೂ ಎಣಿಸಿರಲಿಲ್ಲ.

ಅತಿಥಿಗಳು ನಮ್ಮ ಜಿಲ್ಲೆಯವರೇ. ಕೆ.ಆರ್. ನಗರ ತಾಲ್ಲೂಕಿನ ಭೇರ್ಯದ ಕಡೆಯ ಒಂದು ಶಾಲೆಯ ಉಪಾಧ್ಯಾಯರು. ಶಾಲೆ ತೆರೆಯುವ ಮುಂಚೆ ಒಂದು ಪ್ರವಾಸ ಅಂತ ಹೊರಟಿದ್ದರು. ಸುಮಿತ್ರಮ್ಮ ಅನ್ನುವ ವಿಜ್ಞಾನದ ಟೀಚರು, ಅವರ ಜೊತೆ ಮೂವರು ಮೇಡಂಗಳು, ಕುಮಾರ ಅನ್ನುವ ಪೀಟಿ ಮೇಷ್ಟ್ರು, ಮತ್ತು ಹೆಡ್‌ಮಾಸ್ಟರು ಪುಟ್ಟಸ್ವಾಮಪ್ಪನವರು. ನಮ್ಮ ಊರಿನವರು ನಮ್ಮ ಕಾಡು ನೋಡಲು ಬರುವುದು ಅಪರೂಪ. ನನಗೆ ನೆಂಟರು ಬಂದಷ್ಟು ಸಂಭ್ರಮ.

ದೋಣಿಗೆ ಹತ್ತಿಸುವಾಗ ಭಾರ ನೋಡಿ ಕೂರಿಸುವುದು ಗೈಡಿನ ಕೆಲಸ. ಹೆಡ್‌ಮಾಸ್ಟರನ್ನು ನಡುವಿನ ಹಲಗೆಗೆ ಕರೆದೆ. ಅವರಿಗೆ ಯಾವ ಲೈಫ್ ಜಾಕೆಟ್ಟೂ ಹೊಟ್ಟೆ ದಾಟಿ ಬರಲಿಲ್ಲ. ಇನ್ನೊಂದು ಜಾಕೆಟ್ಟಿನ ಪಟ್ಟಿ ಬಿಚ್ಚಿ, ಇದಕ್ಕೆ ಗಂಟು ಹಾಕಿ, ಎರಡು ಸಲ ಎಳೆದು ನೋಡಿ ಕಟ್ಟಿದೆ.

"ಈಜು ಬರುತ್ತಾ ಸಾರ್?" ಅಂದೆ.

"ಬತ್ತಿತ್ತು. ಕಾಲುವೆಲಿ ಚೆನ್ನಾಗ್ ಈಜ್ತಿದ್ದೆ. ಆದ್ರೆ ಅದು ಮದ್ವೆಗೆ ಮುಂಚೆ," ಅಂದರು.

"ಸಾರ್, ಆಗ ನಿಮ್ಮೊಳಗೆ ಒಬ್ರೇ ಇದ್ರಿ, ಈಗ ಇಬ್ರಿದ್ದೀರಿ," ಅಂದ ಪೀಟಿ ಮೇಷ್ಟ್ರು ಕುಮಾರ.

"ಲೋ ಕುಮಾರ, ಶಾಲೆ ತೆರೀಲಿ. ಮೊದಲ್ನೇ ಪೀರಿಯಡ್ಡೇ ನಿಂಗೆ ಕೊಡ್ತೀನಿ. ಎಂಟನೇ ಕ್ಲಾಸು ಬಿ ಸೆಕ್ಷನ್."

ಎಲ್ಲರೂ ನಗುತ್ತಲೇ ಹೊರಟೆವು. ನೀರು ಮಂದವಾಗಿ, ಕಾಫಿ ಬಣ್ಣಕ್ಕೆ ತಿರುಗಿತ್ತು. ದಡದ ಕೆಸರಿನ ಮೇಲೆ ಒಂದು ಮೊಸಳೆ ಬಾಯಿ ತೆರೆದು ಮಲಗಿತ್ತು. ಅದನ್ನು ತೋರಿಸಿದೆ. "ಇದು ಬೊಂಬೆ ಅಲ್ಲ ತಾನೆ?" ಅಂದರು ಸುಮಿತ್ರಮ್ಮ. ಆ ಮಾತಿಗೆ ಅದು ಬಾಯಿ ಮುಚ್ಚಿ ನೀರಿಗಿಳಿದುಬಿಟ್ಟಿತು. ಹೆಂಗಸರೆಲ್ಲ ದೋಣಿಯಂಚಿನಿಂದ ಕೈ ಒಳಗೆ ತೆಗೆದುಕೊಂಡರು.

ಹಿನ್ನೀರಿನ ನಡುಭಾಗಕ್ಕೆ ಬಂದಾಗ ಸುಮಿತ್ರಮ್ಮನವರೇ ಮೊದಲು ನೋಡಿದರು. "ಅದೇನ್ರೀ ಅದು, ಕೊಳವೆ ತೇಲ್ತಾ ಇರೋದು?" ಸೊಂಡಿಲುಗಳು. ಆನೆಯ ಹಿಂಡು ಆಚೆ ದಡದಿಂದ ಈಜಿಕೊಂಡು ನಮ್ಮತ್ತಲೇ ಬರುತ್ತಿತ್ತು. ಮರಿಯೂ ಇತ್ತು. ತಾಯಿಯ ಪಕ್ಕಕ್ಕೆ ಅಂಟಿಕೊಂಡು, ಸೊಂಡಿಲ ತುದಿಯೊಂದನ್ನೇ ಮೇಲೆತ್ತಿಕೊಂಡು ಬರುತ್ತಿತ್ತು. ಇಡೀ ನೌಕರಿಯಲ್ಲಿ ಅಷ್ಟು ಹತ್ತಿರದಿಂದ ಅಂಥದ್ದು ಕಂಡದ್ದು ಕಡಿಮೆ.

"ಕೂತ್ಕಳಿ, ಕೂತ್ಕಳಿ, ಯಾರೂ ಏಳ್ಬೇಡಿ," ಎಂದು ನಜೀರ್ ಸಾಬರು ದಾರಿ ಬಿಡಲು ದೋಣಿಯನ್ನು ಎಡಕ್ಕೆ ತಿರುಗಿಸಿದರು. ಎಡಗಡೆ ನೀರು ಕನ್ನಡಿಯಂತೆ ಬಯಲಾಗಿತ್ತು. ಹಿಂದಿನ ದಿನ ಅಲ್ಲೊಂದು ಬೊಡ್ಡೆಗಳ ಸಾಲಿತ್ತು, ಹಕ್ಕಿಗಳಿದ್ದವು. ಈಗ ಒಂದು ಹಕ್ಕಿಯೂ ಇಲ್ಲ. ದೂರದ ಎತ್ತರದ ಮರಗಳಲ್ಲಿ ಮಾತ್ರ ಕಪ್ಪಗೆ ಗುಂಪುಗುಂಪಾಗಿ ಕೂತಿದ್ದವು. "ಸಾಲು ಇನ್ನೂ ಆಚೆ ಅದೆ, ನಾವು ಈಚೆಗೇ ಇದೀವಿ," ಅಂದರು ಸಾಬರು. ಹಕ್ಕಿ ನೋಡಿಯೇ ದಾರಿ ಅಳೆಯುವ ನಮಗೆ ಬೇರೆ ಲೆಕ್ಕ ಹೊಳೆಯಲಿಲ್ಲ. ನೀರು ಏರಿ ಬೊಡ್ಡೆಗಳು ಒಂದು ಗೇಣು ಮುಳುಗಿದ್ದವು. ಕೂರಲು ಜಾಗವಿಲ್ಲದೆ ಹಕ್ಕಿ ಎದ್ದು ಹೋಗಿತ್ತು. ಬೊಡ್ಡೆ ಅಲ್ಲೇ ಇತ್ತು.

ಶಬ್ದ ದೊಡ್ಡದೇನಲ್ಲ. ಒಣ ತೆಂಗಿನಕಾಯಿ ನೆಲಕ್ಕೆ ಕುಕ್ಕಿದಂತೆ ಒಂದು ಪೆಟ್ಟು. ದೋಣಿ ನಿಂತಿತು. ಎಲ್ಲರೂ ಮುಂದಕ್ಕೆ ಮುಗ್ಗರಿಸಿದೆವು. ನೋಡಿದರೆ, ಮುಂದಿನ ಹಲಗೆಯ ಬಳಿ ದೋಣಿಯ ತಳ ಸೀಳಿ, ಒದ್ದೆ ಕಪ್ಪು ಮರದ ತುದಿಯೊಂದು ಮುಷ್ಟಿಯಷ್ಟು ಮೇಲೆ ಬಂದಿತ್ತು. ಸುತ್ತ ನೀರು ಜಿನುಗುತ್ತಿತ್ತು, ಅಷ್ಟೆ.

"ರಿವರ್ಸ್ ಹಾಕಿ ಸಾಬ್ರೇ, ರಿವರ್ಸ್!" ಎಂದು ಕುಮಾರ ಕೂಗಿದ.

ನಜೀರ್ ಸಾಬರು ಆಗಲೇ ಎಂಜಿನ್ ಆರಿಸಿದ್ದರು. ಮಂಡಿಯೂರಿ ಬೊಡ್ಡೆಯ ಸುತ್ತ ಬೆರಳಾಡಿಸಿ ನೋಡಿದರು. ನಗು ಹೋಗಿತ್ತು. "ಬೇಡ ಸಾರ್. ತೂತ ಮಾಡಿರೋದೂ ಇದೇ, ಮುಚ್ಚಿರೋದೂ ಇದೇ. ಹಿಂದಕ್ಕೆ ಹೋದ್ರೆ ಬಾಟ್ಲಿ ಬಿರಡೆ ತೆಗೆದಂಗೆ. ನಮ್ಮ ಭಾರಕ್ಕೇ ದೋಣಿ ಇದರ ಮೇಲೆ ಕೂತದೆ. ಯಾರೂ ಅಲ್ಲಾಡ್ಬೇಡಿ."

"ಕೂಗಿ ಯಾರನ್ನಾದ್ರೂ ಕರೀರಿ," ಅಂದರು ಒಬ್ಬ ಮೇಡಂ, ಅಳು ತಡೆದುಕೊಂಡು.

"ಆನೆ ದಾಟ್ಲಿ ಕಣಮ್ಮ. ಮರಿ ಅದೆ," ಅಂದೆ. ವಾಕಿಟಾಕಿಯಲ್ಲಿ ಪಿಸುಮಾತಿನಲ್ಲೇ ಮಾದೇಶನನ್ನು ಕರೆದೆ. ಅವನು ಆ ವೇಳೆಗೆ ಜೀಪು ಬಿಟ್ಟು ನಮ್ಮ ಎರಡನೆಯ ದೋಣಿ ನೋಡಿಕೊಳ್ಳುತ್ತಿದ್ದ. "ಬಂದೆ," ಅಂದ. ಎಲ್ಲಿಂದ ಎಂದು ಕೇಳುವ ಧೈರ್ಯವಾಗಲಿಲ್ಲ.

ಹಿಂಡು ನಮ್ಮ ಹಿಂದಿನಿಂದ ಹಾದುಹೋಯಿತು. ಅವುಗಳ ಉಸಿರಿನ ಸದ್ದು ಕೇಳಿಸುತ್ತಿತ್ತು, ಒದ್ದೆ ಗೋಣಿಚೀಲ ಒದರಿದಂತೆ. ಅವು ಎಬ್ಬಿಸಿದ ಅಲೆ ಒಂದೊಂದಾಗಿ ಬಂದು ದೋಣಿಯನ್ನು ಎತ್ತಿ ಇಳಿಸಿತು. ಪ್ರತಿ ಸಲ ಎತ್ತಿದಾಗಲೂ ಬೊಡ್ಡೆಯ ಸುತ್ತಿನಿಂದ ನೀರು ಬುಗ್ಗೆಯಾಗಿ ಚಿಮ್ಮುತ್ತಿತ್ತು, ಇಳಿದಾಗ ನಿಲ್ಲುತ್ತಿತ್ತು. ಆಗ ಹೆಡ್‌ಮಾಸ್ಟರು ಮೆಲ್ಲಗೆ, ಹಲಗೆ ಹಿಡಿದುಕೊಂಡು, ಕೂತಲ್ಲಿಂದ ಕೂತಂತೆಯೇ ಜರುಗಿ ಬಂದರು. ಬೊಡ್ಡೆಯ ಪಕ್ಕದಲ್ಲೇ ದೋಣಿಯ ತಳದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ನೀರು ಚಿಮ್ಮುವುದು ನಿಂತಿತು.

"ಸಾರ್, ನಿಮ್ ಪಂಚೆ ಒದ್ದೆಯಾಗುತ್ತೆ," ಅಂದರು ಸುಮಿತ್ರಮ್ಮ. ಅಂಥ ಹೊತ್ತಿನಲ್ಲಿ ಬಾಯಿಗೆ ಏನು ಬರುತ್ತದೋ ಯಾರಿಗೆ ಗೊತ್ತು.

"ಆಗ್ಲಿ ಬುಡಿ ಟೀಚರ್. ಇನ್ನೊಂದಿದೆ."

ಆನೆಗಳು ದಡ ಹತ್ತಿ ಮೈ ಒದರಿಕೊಂಡ ಮೇಲೆ ಮಾದೇಶನ ದೋಣಿ ಬಂತು. ಅವನೂ ಒಮ್ಮೆಲೇ ಹತ್ತಿರ ಬರುವಂತಿರಲಿಲ್ಲ. ಸುತ್ತ ಇನ್ನೆಷ್ಟು ಬೊಡ್ಡೆ ಮುಳುಗಿವೆಯೋ. ಬಿದಿರಿನ ಗಳುವಿನಿಂದ ನೀರಿಗೆ ಚುಚ್ಚಿ ಚುಚ್ಚಿ ನೋಡುತ್ತ ಪಕ್ಕಕ್ಕೆ ತಂದ. ಹಗ್ಗ ಎಸೆದ, ಕುಮಾರ ಹಿಡಿದು ಕಟ್ಟಿದ. ಎರಡು ದೋಣಿಗಳೂ ಒಂದನ್ನೊಂದು ಮುಟ್ಟಿದವು. ನಮಗೆಲ್ಲ ಜೀವ ಬಂತು.

ಮೊದಲನೆಯ ಮೇಡಂ ದಾಟಿದೊಡನೆ ನಮ್ಮ ದೋಣಿ ಕಿರ್ರೆಂದಿತು. ನಜೀರ್ ಸಾಬರೂ ನಾನೂ ಮುಖ ನೋಡಿಕೊಂಡೆವು. ಒಬ್ಬೊಬ್ಬರು ಇಳಿದಂತೆ ದೋಣಿ ಹಗುರಾಗುತ್ತಿದೆ. ಹಗುರಾದಂತೆ ಬೊಡ್ಡೆಯಿಂದ ಮೇಲೇಳುತ್ತಿದೆ. ಕೊನೆಗೆ ಉಳಿದವನ ಕಾಲ ಕೆಳಗೆ ತೂತು ತೆರೆದುಕೊಳ್ಳುತ್ತದೆ. ಸಾಲದ್ದಕ್ಕೆ ಹಿನ್ನೀರು ಬೇರೆ ಏರುತ್ತಲೇ ಇತ್ತು.

ಇದು ಹೆಡ್‌ಮಾಸ್ಟರಿಗೂ ಅರ್ಥವಾಯಿತು. "ಮಿಕ್ಕ ಹೆಣ್ಮಕ್ಳು ಹೋಗ್ಲಿ. ಆಮೇಲೆ ಕುಮಾರ. ಆಮೇಲೆ ಗೈಡ್ ಸಾಹೇಬ್ರು. ನಾನು ಕೊನೆಗೆ," ಅಂದರು.

"ಸಾರ್, ನೀವ್ ಮೊದ್ಲು ಹೋಗಿ. ನಿಮ್ಮನ್ನ ಹತ್ತಿಸೋದು ಕಷ್ಟ," ಅಂದ ಕುಮಾರ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ನಾನ್ ಎದ್ರೆ ಎಲ್ರೂ ಮುಳುಗ್ತೀರಿ ಕಣ್ಲಾ. ನೀನು ಎದ್ರೆ ದೋಣಿಗೆ ಗೊತ್ತೇ ಆಗಲ್ಲ. ನಡಿ. ಇಷ್ಟ್ ವರ್ಷ ಈ ಹೊಟ್ಟೆ ಸುಮ್ನೆ ಬೆಳೆಸಿದ್ನಾ?"

ಇನ್ನಿಬ್ಬರು ಮೇಡಂಗಳು ದಾಟಿದರು. ಸುಮಿತ್ರಮ್ಮ ದಾಟಲು ಒಪ್ಪಲಿಲ್ಲ. ಹೆಡ್‌ಮಾಸ್ಟರು ಶಾಲೆಯಲ್ಲಿ ಗದರುವ ದನಿಯಲ್ಲಿ, "ಟೀಚರ್, ಇದು ಆರ್ಡರ್," ಅಂದರು. ಅವರು ಅಳುತ್ತ ದಾಟಿದರು. ಕುಮಾರ ದಾಟಿದ. ದೋಣಿ ಪ್ರತಿ ಸಲ ಕಿರ್ರೆಂದಿತು. ಈಗ ನೀರು ಹೆಡ್‌ಮಾಸ್ಟರ ಸೊಂಟದವರೆಗೆ ನಿಂತಿತ್ತು. ನಜೀರ್ ಸಾಬರು ತಲೆಗೆ ಸುತ್ತಿದ್ದ ಟವಲ್ಲು ಬಿಚ್ಚಿ ಸಂದಿಗೆ ತುರುಕುತ್ತ ನನಗೆ, "ಸಾಮೇರೆ, ನೀವ್ ಆಚೆ ಹೋಗಿ ಕೈ ಹಿಡೀರಿ. ಇವ್ರನ್ನ ನಾನು ಈಚೆಯಿಂದ ತಳ್ತೀನಿ. ಒಂದೇ ಸಲ. ಎರಡನೇ ಸಲ ಇರಲ್ಲ," ಅಂದರು.

ನಾನು ದಾಟಿದೆ. ಇಲ್ಲಿಂದ ಮುಂದಿನದನ್ನೇ ನಾನು ಹಗಲು ಹೊತ್ತಿನಲ್ಲೂ ನೋಡುತ್ತಿರುವುದು. ಹಲ್ಲುಜ್ಜುವಾಗ, ಬಸ್ಸಿಗೆ ಕಾಯುವಾಗ, ಮೊಮ್ಮಗಳಿಗೆ ತಲೆ ಬಾಚುವಾಗ.

ಹೆಡ್‌ಮಾಸ್ಟರು ಎರಡೂ ಕೈ ಊರಿ ಎದ್ದರು. ಎದ್ದೊಡನೆ ದೋಣಿ ಬೊಡ್ಡೆಯಿಂದ ಬಿಟ್ಟುಕೊಂಡಿತು. 'ಬಳಕ್' ಎಂದು ಕೆಳಗಿನಿಂದ ನೀರು ನುಗ್ಗಿತು. ದೋಣಿಯ ಮುಂಭಾಗ ಪಕ್ಕಕ್ಕೆ ಹೊರಳಿತು. ಅವರ ಒಂದು ಕಾಲು ಮಾದೇಶನ ದೋಣಿಯ ಅಂಚಿನ ಮೇಲಿತ್ತು, ಇನ್ನೊಂದು ಒಡೆದ ದೋಣಿಯಲ್ಲಿ. ನಡುವೆ ಸಂದಿ ಅಗಲವಾಯಿತು. ಅವರು ನನ್ನನ್ನೇ ನೋಡುತ್ತಿದ್ದರು. ಬಾಯಿ ತೆರೆದಿತ್ತು, ಸದ್ದಿಲ್ಲ. ಆಮೇಲೆ ಅವರಿಲ್ಲ, ಕಾಫಿ ಬಣ್ಣದ ನೀರು.

ನನ್ನ ಕೈಯಲ್ಲಿ ಜಾಕೆಟ್ಟಿನ ಪಟ್ಟಿ ಇತ್ತು. ಅದು ಯಾವಾಗ ಕೈಗೆ ಬಂತು ಎಂದು ನನಗೆ ತಿಳಿಯದು. ಪಟ್ಟಿ ಬಿಗಿಯಾಯಿತು. ನಾನೇ ಹಾಕಿದ ಗಂಟು ಕಣ್ಣೆದುರು ಒಂದೊಂದು ಎಳೆಯಾಗಿ ಜಾರತೊಡಗಿತು. "ಹಿಡೀರಿ, ಹಿಡೀರಿ," ಎಂದು ನಾನು ಕೂಗಿದೆನಂತೆ. ನನಗೆ ನೆನಪಿರುವುದು ಗಂಟು ಮಾತ್ರ. ಅದು ಪೂರ್ತಿ ಬಿಚ್ಚಿಕೊಳ್ಳುವ ಮುಂಚೆ ಕುಮಾರ ಅರ್ಧ ಮೈ ನೀರಿಗೆ ಚಾಚಿ ಅವರ ಕಂಕುಳಿಗೆ ಕೈ ಹಾಕಿದ. ಅವನ ಕಾಲನ್ನು ಸುಮಿತ್ರಮ್ಮನೂ ಇನ್ನೊಬ್ಬರು ಮೇಡಮ್ಮೂ ತಬ್ಬಿಕೊಂಡು ಕೂತರು. ಮಾದೇಶ ಇನ್ನೊಂದು ಕೈ ಹಿಡಿದ. ಎಳೆದೆವು. ನಾವು ಎಳೆದದ್ದು ಒಬ್ಬ ಮನುಷ್ಯನನ್ನಲ್ಲ, ಇಡೀ ಹಿನ್ನೀರನ್ನು ಅನ್ನಿಸಿತು. ಕೊನೆಗೆ ಅವರು ದೋಣಿಯೊಳಕ್ಕೆ ಬಿದ್ದರು. ಕೆಮ್ಮಿದರು. ಆ ಕೆಮ್ಮಿನಷ್ಟು ಇಂಪಾದದ್ದು ನಾನು ಕೇಳಿಲ್ಲ.

ನಜೀರ್ ಸಾಬರು ಮುಳುಗಿದ ದೋಣಿಯ ಅಂಚಿಗೆ ಜೋತುಬಿದ್ದಿದ್ದರು. ಹಗ್ಗ ಎಸೆದು ಅವರನ್ನೂ ತಂದೆವು. ಅವರ ಹಲ್ಲು ಕಟಕಟ ಅನ್ನುತ್ತಿತ್ತು. ಬಿಸಿಲು ಚುರುಚುರು ಸುಡುತ್ತಿತ್ತು.

ದಡಕ್ಕೆ ಬಂದೆವು. ನಜೀರ್ ಸಾಬರು ಹೋಗಿ ಹೆಡ್‌ಮಾಸ್ಟರ ಕಾಲು ಹಿಡಿದುಕೊಂಡುಬಿಟ್ಟರು. "ಮಾಫ್ ಮಾಡಿ ಸಾರ್," ಅಂದರು.

"ಏಳಪ್ಪ, ಏಳು. ನೀನು ಕಾಲು ಹಿಡಿದ್ರೆ ನಾನು ಇನ್ನೂ ಕೆಸರಿಗೆ ಹೂತ್ಕೊಂಡೋಯ್ತೀನಿ," ಅಂದರು ಹೆಡ್‌ಮಾಸ್ಟರು.

ಸುಮಿತ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಅವರನ್ನು ಬೈಯತೊಡಗಿದರು. "ಮನೇಲಿ ಹೆಂಡ್ತಿ ಮಕ್ಳು ಇದಾರೆ ಅನ್ನೋದಾದ್ರೂ ನೆನಪಿತ್ತಾ ಸಾರ್ ನಿಮ್ಗೆ?" ಎಂದು ಜೋರಾಗಿ ಅತ್ತರು.

ಹೆಡ್‌ಮಾಸ್ಟರು ಪಂಚೆಯ ಅಂಚು ಹಿಂಡಿಕೊಂಡರು. "ಇತ್ತು ಟೀಚರ್. ಅದಕ್ಕೇ ಎದ್ದೇಳೋಕೆ ಅಷ್ಟ್ ಹೊತ್ತಾಯ್ತು," ಅಂದರು. ಆಮೇಲೆ ಎಲ್ಲರ ಮುಖ ನೋಡಿ, "ಇದನ್ನ ಬಿಇಒ ಸಾಹೇಬ್ರಿಗೆ ಯಾರೂ ಹೇಳ್ಬೇಡಿ. ಮುಂದಿನ್ ವರ್ಷ ಟೂರಿಗೆ ಪರ್ಮಿಷನ್ ಕೊಡಲ್ಲ," ಅಂದರು. ಆಗ ನಕ್ಕ ನಗು ಸರಿಯಾದ ನಗುವಲ್ಲ, ಮೈ ನಡುಗುವುದೇ ನಗುವಾಗಿ ಬಂದದ್ದು.

ಅದಾದ ಮೇಲೆ ಬಹಳ ದಿನ ನಜೀರ್ ಸಾಬರು ದೋಣಿ ಮುಟ್ಟಲಿಲ್ಲ. ವರ್ಕ್‌ಶಾಪಿನಲ್ಲಿ ಕೂತು, ಕೆಡದ ಎಂಜಿನ್‌ಗಳನ್ನು ಬಿಚ್ಚಿ ಜೋಡಿಸುತ್ತಿದ್ದರು. ಒಡೆದ ದೋಣಿಯನ್ನು ಮೇಲೆಳೆದು ತಂದಿದ್ದೆವು. ಅದರ ತಳವನ್ನು ಮಾತ್ರ ಅವರೇ ತೇಪೆ ಹಾಕಿದರು, ಬೇರೆ ಯಾರನ್ನೂ ಹತ್ತಿರ ಬಿಡಲಿಲ್ಲ. ಒಂದು ಬೆಳಗ್ಗೆ ನಾನು ಹೋಗಿ ಆ ದೋಣಿಯಲ್ಲಿ ಕೂತೆ. ಅವರು ಹಗ್ಗ ಹಿಡಿದು ದಡದಲ್ಲೇ ನಿಂತರು.

"ಎಲ್ಲಿಗೆ ಸಾಮೇರೆ?"

"ಅಲ್ಲಿಗೇ."

ಹೋದೆವು. ಎಂಜಿನ್ ನಿಧಾನ, ಮುಂದೆ ನಾನು ಗಳು ಚುಚ್ಚುತ್ತ. ಬೊಡ್ಡೆಗಳು ಒಂದೊಂದಾಗಿ ಗಳುವಿಗೆ ಸಿಕ್ಕವು. ಸಿಕ್ಕ ಕಡೆಗೆಲ್ಲ ಹಗ್ಗ ಕಟ್ಟಿ, ಖಾಲಿ ಪ್ಲಾಸ್ಟಿಕ್ ಕ್ಯಾನು ತೇಲಿಬಿಟ್ಟೆವು. ಈಗ ನೀವು ಅಲ್ಲಿ ನೋಡುವ ಬಿಳಿ ಕ್ಯಾನುಗಳ ಸಾಲು ಶುರುವಾದದ್ದು ಹಾಗೆ. ಪ್ರತಿ ಮಳೆಗಾಲ ಅವುಗಳ ಹಗ್ಗ ಬದಲಿಸಿ. ವಯನಾಡಿನಲ್ಲಿ ಮಳೆ ಎಂದು ಕೇಳಿದ ದಿನ, ನಮ್ಮಲ್ಲಿ ಎಷ್ಟೇ ಬಿಸಿಲಿರಲಿ, ಗಳು ಇಲ್ಲದೆ ದೋಣಿ ಬಿಡಬೇಡಿ. ಹಕ್ಕಿಯನ್ನು ನೋಡಿ, ಆದರೆ ಅದು ಯಾಕೆ ಅಲ್ಲಿಲ್ಲ ಎಂದೂ ಕೇಳಿಕೊಳ್ಳಿ.

ಸಾಲಿನ ಕೊನೆಯಲ್ಲಿ ಗಳು ಒಂದು ಬೊಡ್ಡೆಗೆ ತಗುಲಿತು. ಸಾಬರು ಎಂಜಿನ್ ಆರಿಸಿ, ಗಳು ನನ್ನ ಕೈಯಿಂದ ತೆಗೆದುಕೊಂಡು ತಾವೇ ಮೆಲ್ಲಗೆ ಕುಟ್ಟಿದರು. ಟಕ್. ಇನ್ನೊಂದು ಸಲ. ಟಕ್. ಬಾಗಿಲು ತಟ್ಟಿದಷ್ಟೇ ಸದ್ದು.

"ಇದೇ. ಇಷ್ಟೇನಾ ಸಾಮೇರೆ ಇದು?" ಅಂದರು.

"ಇಷ್ಟೇ ಸಾಬ್ರೇ. ಕಟ್ಟಿ, ಹೋಗಾನ," ಅಂದೆ.

ಅವರು ಹಗ್ಗ ಬಿಗಿದು, ಎರಡು ಸಲ ಎಳೆದು ನೋಡಿ, ಎಂಜಿನ್ ಹಾಕಿದರು. ದಡ ಮುಟ್ಟುವವರೆಗೂ ನನ್ನ ಎರಡು ಕೈಗಳೂ ದೋಣಿಯ ಅಂಚನ್ನು ಬಿಡಲಿಲ್ಲ. ಅವರು ಅದನ್ನು ನೋಡಿದರು, ತಮಾಷೆ ಮಾಡಲಿಲ್ಲ.